ಹಾಸನದ ಲೈಬ್ರರಿಗಳಲ್ಲಿ ಮಕ್ಕಳಿಂದ ಅಜ್ಜ ಅಜ್ಜಿಯರ ತನಕ ಎಲ್ಲರಿಗೂ ಏನೇನು ನಡೆಸಬಹುದು, ದುಡ್ಡಿಲ್ಲದೆ?

ವಿದ್ಯಾನಗರದ ಅಮ್ಮ

ಬೆಳಿಗ್ಗೆ ಪೇಪರ್ ಬಿಚ್ಚಿದರೆ ಸಾಕು, ಒಳಗಿಂದ ಸಮ್ಮರ್ ಕ್ಯಾಂಪಿನ ಪಾಂಪ್ಲೆಟ್ ಉದುರುತ್ತದೆ. ಡ್ಯಾನ್ಸ್, ಅಬಾಕಸ್, ಸ್ಕೇಟಿಂಗ್, ಎಲ್ಲಾ ಇದೆ. ಫೀಸು ಮಾತ್ರ ಬರೆದಿರುವುದಿಲ್ಲ, ಫೋನ್ ಮಾಡಿ ಕೇಳಬೇಕು. ಕೇಳಿದ ಮೇಲೆ ಇಬ್ಬರು ಮಕ್ಕಳಿರುವ ಮನೆಯವರು ಸುಮ್ಮನಾಗುತ್ತಾರೆ.

ನಮ್ಮ ಮನೆ ಹತ್ತಿರ ಒಂದು ಶಾಖಾ ಗ್ರಂಥಾಲಯ ಇದೆ. ಬೆಳಿಗ್ಗೆ ಪೇಪರ್ ಓದಲು ಹಿರಿಯರು ಬರುತ್ತಾರೆ. ಆಮೇಲೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಚಿಕ್ಕ ಮಕ್ಕಳು ಬಂದರೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಮಗು ಅಮ್ಮನ ಸೆರಗು ಹಿಡಿದು ವಾಪಸ್ ಹೊರಡುತ್ತದೆ. ನಮ್ಮ ಅತ್ತೆ ಕೂಡ ಒಮ್ಮೆ ಬಂದು, "ಇಲ್ಲಿ ಮಾತೇ ಆಡಂಗಿಲ್ವಲ್ಲಮ್ಮ" ಅಂತ ಎದ್ದುಬಿಟ್ಟರು.

ಬೇರೆ ಊರುಗಳ ಲೈಬ್ರರಿಗಳಲ್ಲಿ ಕಥೆ ಹೇಳುವುದು, ಆಟ, ಹೆಣಿಗೆ, ಕಂಪ್ಯೂಟರ್ ಕಲಿಸುವುದು ಎಲ್ಲಾ ಬಿಟ್ಟಿಯಾಗಿ ನಡೆಯುತ್ತದೆ. ಹಾಸನದಲ್ಲಿ ಯಾಕಾಗಬಾರದು? ನೀವು ನೋಡಿದ್ದು, ಮಾಡಿದ್ದು ಹೇಳಿ. ಒಂದೇ ವಿನಂತಿ. ಉದ್ಘಾಟನೆ, ಶಾಲು, ಹಾರ, ಫೋಟೊ, ಅಲ್ಲಿಗೆ ಮುಗೀತು ಅನ್ನುವ ಐಡಿಯಾ ಬೇಡ. ವಾರವಾರ ನಡೆಯುವಂಥದ್ದು ಬೇಕು.

ನಿವೃತ್ತ ಮೇಷ್ಟ್ರು

ಬಿಟ್ಟಿ ಅನ್ನಬೇಡಿ ತಾಯಿ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಮೂರು ಸಣ್ಣ ಸಾಲು ಇರುತ್ತವೆ. ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ ನೂರಕ್ಕೆ 6, ಭಿಕ್ಷುಕರ ಕರ ನೂರಕ್ಕೆ 3. ಮನೆ ತೆರಿಗೆ 3,000 ರೂಪಾಯಿ ಇದ್ದರೆ ಅದರ ಮೇಲೆ 180 ರೂಪಾಯಿ ಲೈಬ್ರರಿಗೆ ಅಂತಲೇ ಕಟ್ಟುತ್ತೀರಿ. ಬಾಡಿಗೆ ಮನೆಯವರೂ ಬಾಡಿಗೆಯಲ್ಲಿ ಕಟ್ಟುತ್ತಲೇ ಇದ್ದಾರೆ, ಗೊತ್ತಿಲ್ಲ ಅಷ್ಟೇ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ಹಾಗಾಗಿ ಕೇಳುವಾಗ ದಾನ ಕೇಳಿದ ಹಾಗೆ ಕೈ ಮುಗಿದು ನಿಲ್ಲುವುದು ಬೇಡ. ಜಗಳಕ್ಕೂ ಹೋಗಬೇಡಿ. ರಸೀದಿಯ ಒಂದು ಜೆರಾಕ್ಸ್ ಅರ್ಜಿ ಜೊತೆ ಇಡಿ, ಅಷ್ಟು ಸಾಕು.

ಪಿಡಿಒ ಆಗಲೇಬೇಕು

ಎಲ್ಲರೂ ಬೈತೀರಾ ಅಂತ ಗೊತ್ತು. ಆದರೂ ಹೇಳುತ್ತೇನೆ.

ದಯವಿಟ್ಟು ಗಲಾಟೆ ತರಬೇಡಿ. ನಮ್ಮಂಥವರು ರೂಮಿನಲ್ಲಿ ನಾಲ್ಕು ಜನ ಇರುತ್ತೇವೆ. ಅಲ್ಲಿ ಓದುವ ಹಾಗಿಲ್ಲ. ಪ್ರೈವೇಟ್ ರೀಡಿಂಗ್ ರೂಮಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಲೈಬ್ರರಿಯ ಆ ಒಂದು ಕುರ್ಚಿ, ಮೇಲಿನ ಫ್ಯಾನು, ಅದೇ ನಮ್ಮ ಕೋಚಿಂಗ್ ಸೆಂಟರ್. ನೋಟಿಫಿಕೇಶನ್ ಬಂದಾಗ ಬಾಗಿಲು ತೆಗೆಯುವ ಮೊದಲೇ ಹೋಗಿ ಬ್ಯಾಗ್ ಇಟ್ಟು ಕಾಯುತ್ತೇವೆ. ಪಕ್ಕದಲ್ಲಿ ಮಕ್ಕಳು ಚಪ್ಪಾಳೆ ತಟ್ಟಿಕೊಂಡು ಹಾಡಿದರೆ ಸಂವಿಧಾನದ ವಿಧಿಗಳು ತಲೆಗೆ ಹತ್ತುತ್ತವಾ?

ಮಕ್ಕಳಿಗೆ ಪಾರ್ಕ್ ಇದೆ. ನಮಗೆ ಇರುವುದು ಇದೊಂದೇ.

ಸಂತೆಪೇಟೆ ಹುಡುಗ

ಗುರುವೇ, ಲೈಬ್ರರಿ ಪುಸ್ತಕ ಮುಟ್ಟದೆ ನಿಮ್ಮದೇ ಗೈಡ್ ತಂದು ಓದುತ್ತೀರಾ. ಹಾಗೆ ನೋಡಿದರೆ ನೀವೂ ಲೈಬ್ರರಿ ಬಳಸುತ್ತಿಲ್ಲ, ಫ್ಯಾನ್ ಬಳಸುತ್ತಿದ್ದೀರಾ 😀

ನಿವೃತ್ತ ಮೇಷ್ಟ್ರು

ಹುಡುಗ, ಆ ತಮ್ಮನನ್ನು ಆಡಿಕೊಳ್ಳಬೇಡ. ಫ್ಯಾನಿಗೂ ಕರ ಕಟ್ಟಿದ್ದೇವೆ. ಅವನು ಕೇಳುವುದು ನ್ಯಾಯವೇ.

ಈ ಎಲ್ಲ ಚರ್ಚೆಯ ಗಂಟು ಅಲ್ಲೇ ಇರುವುದು. ನಮ್ಮ ಶಾಖಾ ಗ್ರಂಥಾಲಯಗಳು ಬಹುಪಾಲು ಒಂದೇ ಹಾಲ್. ಗೋಡೆ ಇಲ್ಲ, ಮಕ್ಕಳ ಕೋಣೆ ಬೇರೆ ಇಲ್ಲ. ಅದೇ ಜಾಗದಲ್ಲಿ ಮೌನವೂ ಬೇಕು, ಮಾತೂ ಬೇಕು ಅಂದರೆ ಹೊತ್ತು ಹಂಚಿಕೊಳ್ಳಬೇಕು. ಇಲ್ಲದಿದ್ದರೆ ಹೊರಗಡೆ ನಡೆಸಬೇಕು. ಯಾವುದು ಆಗುತ್ತದೆ ಅಂತ ಮೊದಲು ನೋಡಿ. ಕಾರ್ಯಕ್ರಮದ ಪಟ್ಟಿ ಆಮೇಲೆ.

ಆಲೂರು ಅಕ್ಕ

ನಮ್ಮ ಹಳ್ಳಿ ಕಡೆ ಬನ್ನಿ, ತೋರಿಸುತ್ತೇನೆ. ಪೇಟೆಗಿಂತ ನಾವು ಮುಂದೆ ಇದ್ದೇವೆ.

2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಇರುತ್ತದೆ. 2020ರ ನವೆಂಬರ್‌ನಲ್ಲಿ ಓದುವ ಬೆಳಕು ಅಂತ ಶುರು ಮಾಡಿದರು. ಕೊರೊನಾದಿಂದ ಸ್ಕೂಲ್ ಮುಚ್ಚಿತ್ತಲ್ಲ, ಆ ಸಮಯ. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿಂದ ಮಕ್ಕಳು ಬರುವುದು ರೂಢಿಯಾಯಿತು.

ನಮ್ಮಲ್ಲಿ ಇರುವುದು ಸಣ್ಣ ಕಟ್ಟಡ. ಕೇರಂ ಬೋರ್ಡ್, ಚೆಸ್, ಒಂದು ಕಂಪ್ಯೂಟರ್. ಮೇಲ್ವಿಚಾರಕರು ಊರಿನವರೇ. ಯಾವ ಮಗು ಯಾರ ಮನೆಯದು ಅಂತ ಗೊತ್ತು. ಎರಡು ದಿನ ಬರದಿದ್ದರೆ ಅವರಮ್ಮನನ್ನೇ ಕೇಳುತ್ತಾರೆ. ಗಟ್ಟಿಯಾಗಿ ಓದುವುದು, ಚಿತ್ರ ಬರೆಯುವುದು, ರಸಪ್ರಶ್ನೆ, ಇಷ್ಟೇ. ಮಕ್ಕಳಿಗೆ ಇಷ್ಟವಾಗುವುದು ಪುಸ್ತಕದ ಜೋರು ಓದು. ಒಬ್ಬ ಓದುತ್ತಾನೆ, ತಪ್ಪು ಓದಿದರೆ ಉಳಿದವರು ಕೂಗುತ್ತಾರೆ. ಆ ತಪ್ಪು ಹಿಡಿಯುವ ಆಸೆಗೆ ಎಲ್ಲರೂ ಗಮನ ಇಟ್ಟು ಕೇಳುತ್ತಾರೆ!

ಎಲ್ಲಾ ಪಂಚಾಯಿತಿಯಲ್ಲೂ ಹೀಗೇ ಇದೆ ಅಂತಲ್ಲ. ಮೇಲ್ವಿಚಾರಕರ ಮೇಲೆ ಹೋಗುತ್ತದೆ.

ವಿದ್ಯಾನಗರದ ಅಮ್ಮ

ಅಕ್ಕ, ಅಲ್ಲಿ ಪರೀಕ್ಷೆಗೆ ಓದುವವರು ಇಲ್ವಾ? ಅವರನ್ನು ಹೇಗೆ ಸಂಭಾಳಿಸುತ್ತೀರಾ?

ಆಲೂರು ಅಕ್ಕ

ಇದ್ದಾರೆ. ಮಕ್ಕಳು ಬರುವುದು ಸ್ಕೂಲ್ ಬಿಟ್ಟ ಮೇಲೆ. ಆ ಹೊತ್ತಿಗೆ ಅವರು ಟೀ ಕುಡಿಯಲು ಎದ್ದು ಹೋಗುತ್ತಾರೆ. ಯಾರೂ ಮೀಟಿಂಗ್ ಮಾಡಿ ತೀರ್ಮಾನ ಮಾಡಿದ್ದಲ್ಲ, ತಾನಾಗಿಯೇ ಹಾಗಾಯಿತು.

ಕುವೆಂಪುನಗರ ಅಜ್ಜಿ

ಮೊಮ್ಮಗಳ ಹತ್ತಿರ ಬರೆಸುತ್ತಿದ್ದೇನೆ. ನಾನು ಹೇಳುವುದು ಕಥೆ ವಿಚಾರ.

ಒಂದು ರಜೆಯಲ್ಲಿ ಲೈಬ್ರರಿ ಪಕ್ಕದ ಜಗಲಿ ಮೇಲೆ ಕೂತು ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಪುಸ್ತಕ ಇಟ್ಟುಕೊಳ್ಳಲಿಲ್ಲ. ಮಳೆ ಬಂತು, ಕಾಗಕ್ಕನ ಮನೆ ಕೊಚ್ಚಿಕೊಂಡು ಹೋಯಿತು. "ಈಗ ಪಾಪ ಕಾಗಕ್ಕ ಎಲ್ಲಿ ಮಲಗಬೇಕು ಹೇಳಿ?" ಅಂದೆ. ಒಬ್ಬ ಪುಟ್ಟ ಎದ್ದು ನಿಂತು "ಬಸ್ ಸ್ಟ್ಯಾಂಡಲ್ಲಿ" ಅಂದ. ಇನ್ನೊಬ್ಬಳು "ಹೊಸ ಬಸ್ ಸ್ಟ್ಯಾಂಡಾ, ಹಳೇದಾ?" ಅಂತ ಕೇಳಿದಳು. ಅಲ್ಲಿಂದ ಕಥೆ ನನ್ನ ಕೈಲಿ ಇರಲಿಲ್ಲ. ಕಾಗಕ್ಕ ಬಸ್ ಹತ್ತಿ ಸಕಲೇಶಪುರಕ್ಕೆ ಹೋದಳು. ಅಲ್ಲೂ ಮಳೆ.

ಮಕ್ಕಳು ನಡುವೆ ಮಾತಾಡಿದರೆ "ಶ್" ಅನ್ನುವವರನ್ನು ಮಾತ್ರ ಕಥೆ ಹೇಳಲು ಕೂರಿಸಬೇಡಿ. ಮೂರು ವರ್ಷದ ಮಗುವಿಗೆ ಒಂದು ಕಥೆ, ಒಂದು ಹಾಡು, ಕಾಲು ಗಂಟೆ. ಅದಕ್ಕಿಂತ ಜಾಸ್ತಿ ಎಳೆದರೆ ಎದ್ದು ಓಡುತ್ತವೆ. ಎಂಟು ಹತ್ತು ವರ್ಷದವರಿಗೆ ಅರ್ಧ ಗಂಟೆ ಪರವಾಗಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ. ದೊಡ್ಡವರು ಚಿಕ್ಕವರಿಗೆ ಕಥೆ ಮುಂಚೆಯೇ ಹೇಳಿ ಕೆಡಿಸುತ್ತಾರೆ.

ಎಂಜಿನಿಯರಿಂಗ್ ನಾಲ್ಕನೇ ಸೆಮ್

ಅಜ್ಜಿ ಸೂಪರ್!

ಕಥೆ ಪುಸ್ತಕ ಸಾಲದೇ ಹೋದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ನೋಡಿ. 2015ರಿಂದ ಇದೆ. ಕನ್ನಡದಲ್ಲಿ ಮಕ್ಕಳ ಚಿತ್ರಕಥೆಗಳು ಉಚಿತ. ಮುಕ್ತ ಪರವಾನಗಿ ಇರುವುದರಿಂದ ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಬಹುದು, ಹತ್ತು ಜನರ ಮುಂದೆ ಓದಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಬೇಕು ಅಷ್ಟೇ. ಓದುವ ಹಂತ 1, 2, 3, 4 ಅಂತ ವಿಂಗಡಿಸಿದ್ದಾರೆ. ಹಂತ 1ರಲ್ಲಿ ಒಂದು ಪುಟಕ್ಕೆ ಒಂದೆರಡು ವಾಕ್ಯ.

ಯಾರೋ ಸಿನಿಮಾ ಹಾಕೋಣ ಅನ್ನುತ್ತಾರೆ, ನೋಡುತ್ತಿರಿ. ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ನೋಡಲು ದುಡ್ಡು ಕಟ್ಟಿದ ಆ್ಯಪ್‌ನಿಂದ ಸಾರ್ವಜನಿಕರಿಗೆ ತೋರಿಸುವ ಹಾಗಿಲ್ಲ. ಹಕ್ಕು ಇರುವವರ ಅನುಮತಿ ಬೇಕು. ಬಿಟ್ಟುಬಿಡಿ, ತಲೆನೋವು.

ಬಿ.ಎಂ. ರಸ್ತೆ

ನಾನು ಸಿನಿಮಾ ಅಂತಲೇ ಟೈಪ್ ಮಾಡುತ್ತಿದ್ದೆ. ಡಿಲೀಟ್ ಮಾಡಿದೆ.

ಪಿಂಚಣಿದಾರ

ಹಿರಿಯರಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ನೇರವಾಗಿ "ಭಜನೆ ಇಡೋಣ" ಅನ್ನುತ್ತಾರೆ. ಭಜನೆ ದೇವಸ್ಥಾನದಲ್ಲಿ ಇದೆ. ನಮಗೆ ಬೇಕಾದದ್ದು ಈ ಫೋನು ಹೇಗೆ ನಡೆಯುತ್ತದೆ ಅಂತ ತಾಳ್ಮೆಯಿಂದ ಹೇಳಿಕೊಡುವವರು. ಮನೆಯಲ್ಲಿ ಮಗನನ್ನು ಕೇಳಿದರೆ ಫೋನ್ ಕಸಿದುಕೊಂಡು ಟಕಟಕ ಒತ್ತಿ ವಾಪಸ್ ಕೊಡುತ್ತಾನೆ. ಕೆಲಸ ಆಯಿತು, ಕಲಿತದ್ದು ಏನೂ ಇಲ್ಲ.

ನವೆಂಬರ್ ಬಂದರೆ ನಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್‌ನಿಂದಲೇ ಅವಕಾಶ ಇದೆ. ಈಗ ಜೀವನ್ ಪ್ರಮಾಣ ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು. ಬೆರಳು ಸವೆದು ಯಂತ್ರ ಹಿಡಿಯದವರಿಗೆ ಇದು ದೊಡ್ಡ ಉಪಕಾರ. ಆದರೆ ಒಮ್ಮೆ ಪಕ್ಕದಲ್ಲಿ ಕೂತು ತೋರಿಸುವವರು ಬೇಕು. ಲೈಬ್ರರಿಯಲ್ಲಿ ಅಕ್ಟೋಬರ್ ಕೊನೆಯಿಂದ ಭಾನುವಾರ ಒಂದು ಟೇಬಲ್ ಹಾಕಿ ನೋಡಿ, ಎಷ್ಟು ಜನ ಬರುತ್ತಾರೆ ಅಂತ.

ಎಂಜಿನಿಯರಿಂಗ್ ನಾಲ್ಕನೇ ಸೆಮ್

ಅಂಕಲ್, ನಾವು ಕ್ಲಾಸ್‌ಮೇಟ್ಸ್ ನಾಲ್ಕೈದು ಜನ ಬರಬಹುದು. ಪರೀಕ್ಷೆ ಇಲ್ಲದ ವಾರ.

ಬ್ಯಾಂಕ್ ಕೌಂಟರ್ ಮೇಡಂ

ಬರುವುದು ಒಳ್ಳೆಯದು. ಆದರೆ ನಿಯಮ ಇಟ್ಟುಕೊಂಡು ಬನ್ನಿ. ಬ್ಯಾಂಕಿನಲ್ಲಿ ಕೂತು ನೋಡಿದ್ದರಿಂದ ಹೇಳುತ್ತಿದ್ದೇನೆ.

ಕಲಿಸುವ ಹುಡುಗರ ಕೈ ಬೆನ್ನ ಹಿಂದೆ ಇರಲಿ. ನಿಜವಾಗಿಯೂ ಹಿಂದೆ ಕಟ್ಟಿಕೊಳ್ಳಿ! ಫೋನ್ ಮುಟ್ಟಬಾರದು. "ಅಲ್ಲಿ ಹಸಿರು ಗುಂಡಿ ಇದೆಯಲ್ಲಾ, ಅದನ್ನು ಒತ್ತಿ" ಅಂತ ಬಾಯಲ್ಲಿ ಹೇಳಬೇಕು. ಹಿರಿಯರೇ ಒತ್ತಬೇಕು. ನಿಧಾನ ಆಗುತ್ತದೆ, ಆಗಲಿ. ಪಿನ್ ಹಾಕುವಾಗ ಮುಖ ತಿರುಗಿಸಿ. ಒಟಿಪಿ ಬಂದರೆ ಅದನ್ನು ಯಾರೂ ಗಟ್ಟಿಯಾಗಿ ಓದುವ ಹಾಗಿಲ್ಲ. ಆಧಾರ್ ಜೆರಾಕ್ಸ್ ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲದಿದ್ದರೆ ನಾಳೆ ಯಾರದೋ ಖಾತೆಯಲ್ಲಿ ದುಡ್ಡು ಹೋದರೆ ಪಾಪದ ಹುಡುಗರ ಮೇಲೆ ಬರುತ್ತದೆ.

ಜೊತೆಗೆ ಮೋಸದ ಕರೆಗಳ ಬಗ್ಗೆ ಹತ್ತು ನಿಮಿಷ ಹೇಳಿ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು "ಡಿಜಿಟಲ್ ಅರೆಸ್ಟ್" ಅಂತ ಹೆದರಿಸುತ್ತಾರೆ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮಕ್ಕಳಿಗೆ ತಿಳಿದರೆ ಬೈಯುತ್ತಾರೆ ಅಂತ ಮುಚ್ಚಿಟ್ಟು, ಎರಡು ದಿನ ಬಿಟ್ಟು ಬರುವ ಹಿರಿಯರೇ ಜಾಸ್ತಿ. ಅಷ್ಟರಲ್ಲಿ ದುಡ್ಡು ಎಲ್ಲೆಲ್ಲಿಗೋ ಹೋಗಿರುತ್ತದೆ.

ಪಿಂಚಣಿದಾರ

ಕೈ ಬೆನ್ನ ಹಿಂದೆ! ಇದನ್ನು ನನ್ನ ಮಗನಿಗೆ ಫಾರ್ವರ್ಡ್ ಮಾಡಿದ್ದೇನೆ.

ಹೊಳೆನರಸೀಪುರದ ಸೊಸೆ

ಹೆಂಗಸರಿಗೆ ಏನಾದರೂ ಇಡೋಣ ಅಂದ ತಕ್ಷಣ ರಂಗೋಲಿ ಸ್ಪರ್ಧೆ, ಮೆಹೆಂದಿ, ಅಡುಗೆ. ಸಾಕಾಗಿದೆ. ರಂಗೋಲಿ ನಾವು ದಿನಾ ಬೆಳಿಗ್ಗೆ ಹಾಕುತ್ತೇವೆ.

ನನಗೆ ಬೇಕಾಗಿದ್ದದ್ದು ಪಹಣಿ ಓದುವುದು. ಮದುವೆಯಾಗಿ ಬಂದ ಮೇಲೆ ಜಮೀನಿನ ಮಾತು ಬಂದರೆ ಗಂಡಸರು ಕಾಗದ ಮುಂದೆ ಇಟ್ಟು ಏನೇನೋ ಮಾತಾಡುತ್ತಾರೆ, ನಾವು ಕಾಫಿ ಕೊಟ್ಟು ಒಳಗೆ ಹೋಗುತ್ತೇವೆ. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸಂಬಂಧಿಕರೊಬ್ಬರು ನಮ್ಮೂರ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಹೇಳಿಕೊಟ್ಟರು. 9ನೇ ಕಾಲಂ ಯಾರ ಹೆಸರಲ್ಲಿದೆ, 10ನೆಯದರಲ್ಲಿ ಆ ಹೆಸರು ಹೇಗೆ ಬಂತು, 11ರಲ್ಲಿ ಸಾಲ, ಇತರ ಹಕ್ಕು, 12ರಲ್ಲಿ ಸಾಗುವಳಿ ಯಾರು ಮಾಡುತ್ತಿದ್ದಾರೆ, ಏನು ಬೆಳೆ. ಎಲ್ಲರೂ ಅವರವರ ಪಹಣಿ ತಂದಿದ್ದರು. ಒಬ್ಬಾಕೆ ತನ್ನ ಕಾಗದದ 11ನೇ ಕಾಲಂ ಮೇಲೆ ಬೆರಳಿಟ್ಟು, "ಈ ಸಾಲ ತೀರಿಸಿದೀವಿ ಅಂದಿದ್ರಲ್ಲ ಇವ್ರು" ಅಂದಳು. ಎಲ್ಲರೂ ಸುಮ್ಮನಾದರು. ಹೇಳಿಕೊಡುತ್ತಿದ್ದ ಸಂಬಂಧಿಕರು ತಾಳ್ಮೆಯಿಂದ, ಸಾಲ ತೀರಿಸಿದ ಮೇಲೂ ಬ್ಯಾಂಕಿನ ಪತ್ರ ಕೊಟ್ಟು ಅದನ್ನು ತೆಗೆಸಬೇಕು, ತೆಗೆಸದೆ ಹಾಗೇ ಉಳಿದಿರಬಹುದು ಅಂತ ಹೇಳಿದರು.

ಇಂಥದ್ದು ಇಡಿ. ಪೇಟೆಗೆ ಬರುವುದು ಕಷ್ಟ ಅಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ ಇದೆ. ಆದರೆ ಹೆಂಗಸರು ಬರಬೇಕು ಅಂದರೆ ಬಳಸುವಂಥ ಶೌಚಾಲಯ ಇರಬೇಕು, ಸಂಜೆ ಕತ್ತಲಾಗುವ ಮುಂಚೆ ಬಸ್ ಸಿಗುವ ಹಾಗೆ ಮುಗಿಯಬೇಕು. ಒಂದು ಲೈಬ್ರರಿಯಲ್ಲಿ ಶೌಚಾಲಯದ ಬೀಗದ ಕೈ ಕೇಳಿದರೆ ಮೂರು ಜನರನ್ನು ದಾಟಿ ಹೋಗಬೇಕಿತ್ತು. ಯಾವುದು ಅಂತ ಹೇಳಲ್ಲ.

ವಿದ್ಯಾನಗರದ ಅಮ್ಮ

ಪಹಣಿ ಕ್ಲಾಸ್‌ಗೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಬೀಟ್ ರೂಟ್

ನಾನು ಹತ್ತನೇ ಕ್ಲಾಸ್ ಮುಗಿಸಿದ್ದೇನೆ, ರಿಸಲ್ಟ್‌ಗೆ ಕಾಯುತ್ತಿದ್ದೇನೆ. ಎಲ್ಲರೂ ಪುಟ್ಟ ಮಕ್ಕಳು, ಅಜ್ಜಂದಿರು ಅಂತಿದ್ದೀರಾ. ನಮ್ಮ ವಯಸ್ಸಿನವರು? ನಮ್ಮನ್ನು ಕರೆದರೆ ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ, "ಮೊಬೈಲ್ ದುಷ್ಪರಿಣಾಮಗಳು". ಬೋರ್.

ನಿವೃತ್ತ ಮೇಷ್ಟ್ರು

ಮರಿ, ನೀನೇ ಹೇಳು. ಏನಿದ್ದರೆ ಬರುತ್ತೀಯಾ?

ಬೀಟ್ ರೂಟ್

ಯಾರೂ ಮಾರ್ಕ್ಸ್ ಕೊಡದೇ ಇರುವಂಥದ್ದು ಏನಾದರೂ. ನಾನು ಕಥೆ ಬರೆಯುತ್ತೇನೆ. ಯಾರಿಗೂ ತೋರಿಸಿಲ್ಲ. ಬೇರೆಯವರೂ ಬರೆಯುತ್ತಿದ್ದರೆ ಒಟ್ಟಿಗೆ ಕೂತು ಓದಿಕೊಳ್ಳಬಹುದು. ಟೀಚರ್ ಇರಬಾರದು. (ಸಾರಿ ಮೇಷ್ಟ್ರೇ)

ಗೊರೂರು ರಸ್ತೆ

ಸಾರಿ ಯಾಕೆ, ಸರಿಯಾಗಿಯೇ ಹೇಳಿದೆ.

ನಮ್ಮ ಜಿಲ್ಲೆ ಕಥೆ ಬರೆಯುವವರ ಜಿಲ್ಲೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಊರು ಹೇಮಾವತಿ ಅಣೆಕಟ್ಟಿನ ಪಕ್ಕ. ಎಸ್.ಎಲ್. ಭೈರಪ್ಪ ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಇಂಗ್ಲಿಷಿನಲ್ಲಿ ಬರೆದ ರಾಜಾ ರಾವ್ 1908ರಲ್ಲಿ ಹುಟ್ಟಿದ್ದು ಹಾಸನದಲ್ಲೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್ ಇದೇ ಊರಿನವರು. ಕನ್ನಡದಲ್ಲಿ ಬರೆದ ಕಥೆಗಳಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಇಷ್ಟೆಲ್ಲಾ ಇದ್ದೂ ಎಷ್ಟು ಶಾಖೆಗಳಲ್ಲಿ "ನಮ್ಮ ಜಿಲ್ಲೆಯವರು" ಅಂತ ಒಂದು ಕಪಾಟು ಇದೆ? ಅದಕ್ಕೆ ದುಡ್ಡು ಬೇಕಾಗಿಲ್ಲ. ಇರುವ ಪುಸ್ತಕಗಳನ್ನೇ ಒಂದು ಕಡೆ ತಂದು ಜೋಡಿಸಿದರೆ ಆಯಿತು. ಬೀಟ್ ರೂಟ್ ಮತ್ತು ಗೆಳೆಯರು ಆ ಕಪಾಟಿನ ಮುಂದೆಯೇ ಕೂರಲಿ.

ಎಂಜಿನಿಯರಿಂಗ್ ನಾಲ್ಕನೇ ಸೆಮ್

ಕಥೆ ಬೇಡ ಅನ್ನುವವರಿಗೆ ಕನ್ನಡ ವಿಕಿಸೋರ್ಸ್ ಅನ್ನುವ ವೆಬ್‌ಸೈಟ್ ಇದೆ. ಹಕ್ಕು ಮುಗಿದ ಹಳೇ ಪುಸ್ತಕಗಳ ಸ್ಕ್ಯಾನ್ ಪುಟ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಹೋಲಿಸಿ ತಪ್ಪು ತಿದ್ದಬೇಕು. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತದೆ. ಒಂದು ಪುಟ ತಿದ್ದಿದರೂ ಉಳಿಯುತ್ತದೆ. ಆಲೂರು ಅಕ್ಕ ಹೇಳಿದ ತಪ್ಪು ಹಿಡಿಯುವ ಆಸೆ ದೊಡ್ಡವರಿಗೂ ಇರುತ್ತದಲ್ವಾ. ಕನ್ನಡ ಟೈಪಿಂಗ್ ಕೂಡ ಕಲಿತಂತೆ ಆಯಿತು.

ಕಣ್ಣು ಕಾಣದವನ ಅಣ್ಣ

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಲೈಬ್ರರಿಯ ಒಂದು ಕಂಪ್ಯೂಟರ್‌ಗೆ ಎನ್‌ವಿಡಿಎ ಹಾಕಿಸಿ. ಉಚಿತ ತಂತ್ರಾಂಶ. ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋಟ್ ಥರ, ಅಭ್ಯಾಸ ಆಗುತ್ತದೆ. ಒಂದು ಹೆಡ್‌ಫೋನ್ ಇಡಿ. ನನ್ನ ತಮ್ಮ ಬಂದು ಪೇಪರ್ ಓದುತ್ತಾನೆ. ಅವನಿಗಾಗಿ ವಿಶೇಷ ಕಾರ್ಯಕ್ರಮ ಮಾಡಿ ಸ್ಟೇಜ್ ಮೇಲೆ ಕೂರಿಸುವುದು ಬೇಡ.

ಪಿಡಿಒ ಆಗಲೇಬೇಕು

ಎಲ್ಲಾ ಓದಿದೆ. ಯಾರೂ ಬೈದಿಲ್ಲ, ಥ್ಯಾಂಕ್ಸ್.

ನನ್ನ ಕಡೆಯಿಂದ ಒಂದು ಮಾತು. ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಬಹಳ ಜನ ಮಾಕ್ ಟೆಸ್ಟ್ ಬರೆಯುತ್ತಾರೆ. ಆಗ ಬೇಡವೇ ಬೇಡ. ಮಧ್ಯಾಹ್ನ ಊಟದ ಮೇಲೆ ಹೇಗಿದ್ದರೂ ಅರ್ಧ ಜನ ಟೇಬಲ್ ಮೇಲೆ ತಲೆ ಇಟ್ಟು ಮಲಗಿರುತ್ತೇವೆ. ಮೂರರಿಂದ ನಾಲ್ಕೂವರೆ ಇಟ್ಟುಕೊಳ್ಳಿ, ಹೊರಗಿನ ಜಗಲಿಯಲ್ಲಿ. ಬಾಗಿಲು ಮುಂದೆ ಮಾಡಿಕೊಂಡರೆ ನಡೆಯುತ್ತದೆ. ಮೈಕ್ ಇರಕೂಡದು. ಮೈಕ್ ಬಂದರೆ ನಾವೂ ಅರ್ಜಿ ಕೊಡುತ್ತೇವೆ.

ಇನ್ನೊಂದು. ನಮ್ಮಲ್ಲಿ ಗಣಿತ, ಮೆಂಟಲ್ ಎಬಿಲಿಟಿ ಚೆನ್ನಾಗಿ ಬರುವವರು ಇದ್ದಾರೆ. ಏಳು ಎಂಟನೇ ಕ್ಲಾಸ್ ಮಕ್ಕಳಿಗೆ ವಾರಕ್ಕೆ ಅರ್ಧ ಗಂಟೆ ಲೆಕ್ಕದ ಆಟ ಆಡಿಸಬಹುದು. ಬದಲಿಗೆ, ನಿವೃತ್ತ ಅಧಿಕಾರಿಗಳು ಯಾರಾದರೂ ಇದ್ದರೆ ನಮಗೆ ಅಣಕು ಸಂದರ್ಶನ ಮಾಡಿ. ಇಂಟರ್‌ವ್ಯೂ ಅಂದರೆ ಬಾಯಿ ಒಣಗುತ್ತದೆ. ಆ ಅಭ್ಯಾಸ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಪಿಂಚಣಿದಾರ

ನಾನು ತಹಶೀಲ್ದಾರ್ ಕಚೇರಿಯಲ್ಲಿ ಶಿರಸ್ತೇದಾರ್ ಆಗಿದ್ದವನು. ನಿನ್ನ ಸಂದರ್ಶನ ನಾನು ಮಾಡುತ್ತೇನೆ ಬಾ. ಹೆದರಿಸುತ್ತೇನೆ, ಅಳಬಾರದು.

ಸಂತೆಪೇಟೆ ಹುಡುಗ

ನೋಡಿ, ಫ್ಯಾನ್ ಕೆಳಗಿನವರು ಹೊರಗೆ ಬಂದರು! (ತಮಾಷೆ ಬ್ರದರ್, ಒಳ್ಳೆಯದಾಗಲಿ)

ಪೇಪರ್ ಹಾಕುವವ

ಲೈಬ್ರರಿಯಲ್ಲಿ ಕೆಲಸ ಮಾಡುವವರ ಕಡೆಯಿಂದ ಯಾರೂ ಬರೆದಿಲ್ಲ ಅಂತ ನಾನು ಬರೆಯುತ್ತೇನೆ. ನಾನು ಅಲ್ಲಿಯವನಲ್ಲ, ಪೇಪರ್ ಹಾಕಲು ಹೋಗುವವನು. ಎಷ್ಟೋ ಶಾಖೆಯಲ್ಲಿ ಇರುವುದೇ ಒಬ್ಬರು. ಬೀಗ ತೆಗೆಯುವುದು, ಪೇಪರ್ ಜೋಡಿಸುವುದು, ಪುಸ್ತಕ ಕೊಡುವುದು, ಬರೆಯುವುದು, ಬೀಗ ಹಾಕುವುದು ಎಲ್ಲಾ ಅವರೇ. ಅವರ ಮೇಲೆ ಇಷ್ಟೆಲ್ಲಾ ಹೊರಿಸಿದರೆ ಮೊದಲ ವಾರ ನಗುತ್ತಾರೆ, ಎರಡನೇ ವಾರ "ಮೇಲಿಂದ ಆರ್ಡರ್ ತನ್ನಿ" ಅನ್ನುತ್ತಾರೆ. ಅವರ ತಪ್ಪೇನಿದೆ? ಕುರ್ಚಿ ಹಾಕುವುದು, ಗುಡಿಸುವುದು, ಚಾಪೆ ಮಡಚುವುದು ನಿಮ್ಮ ಕೆಲಸ ಅಂತ ಮೊದಲೇ ಹೇಳಿ. ಅರ್ಜಿಯನ್ನೂ ಅವರ ಮೂಲಕವೇ ಕೊಡಿ, ತಲೆ ಮೇಲಿಂದ ಹಾರಿ ಹೋಗಬೇಡಿ.

ಮತ್ತೆ ಶಾಖೆಗೆ ವಾರದ ರಜೆ ಯಾವತ್ತು ಅಂತ ಕೇಳಿಕೊಳ್ಳಿ. ನಾನು ಹೋಗುವ ಕಡೆ ಸೋಮವಾರ.

ನಿವೃತ್ತ ಮೇಷ್ಟ್ರು

ಈ ಚರ್ಚೆಯಲ್ಲಿ ಅತಿ ಉಪಯೋಗದ ಮಾತು ಇದೇ.

ಸಾಲು ಸಾಲಾಗಿ ಹತ್ತು ಕಾರ್ಯಕ್ರಮ ಶುರು ಮಾಡಿ ಜೂನ್‌ನಲ್ಲಿ ಎಲ್ಲಾ ನಿಲ್ಲುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಜೆಯಲ್ಲಿ ಉತ್ಸಾಹ. ಸ್ಕೂಲ್ ಶುರುವಾಗುತ್ತದೆ, ಮಳೆ ಹಿಡಿಯುತ್ತದೆ, ಜಗಲಿಗೆ ಎರಚಲು ಹೊಡೆಯುತ್ತದೆ, ಬರುವವರು ನಾಲ್ಕು ಜನ ಆಗುತ್ತಾರೆ. ಆ ನಾಲ್ಕು ಜನರ ವಾರವೇ ಪರೀಕ್ಷೆ. ಅವತ್ತು ನಡೆಸುವವರು ಬರದಿದ್ದರೆ ಮುಂದಿನ ವಾರ ಆ ನಾಲ್ಕು ಜನವೂ ಬರುವುದಿಲ್ಲ. ಹಾಗಾಗಿ ಒಂದಕ್ಕೆ ಇಬ್ಬರು ಇರಲಿ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು.

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಮಾತ್ರ ಬಿಡುವು ಕೊಡಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಬಲಿಪಾಡ್ಯಮಿ ಆಗುವ ತನಕ ಪೇಟೆಯೊಳಗೆ ಕಾಲಿಡಲು ಜಾಗ ಇರುವುದಿಲ್ಲ.

ವರ್ಷದಲ್ಲಿ ಎರಡು ದೊಡ್ಡ ದಿನ ಬೇಕೇಬೇಕು ಅನ್ನುವವರಿಗೆ ಆಗಸ್ಟ್ 12 ಇದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಶಾಲು ಹಾರ ಎಲ್ಲಾ ಅವತ್ತು ಇಟ್ಟುಕೊಳ್ಳಿ. ಮೊದಲ ಶಾಲು ಆ ಶಾಖೆಯ ಒಬ್ಬರೇ ಸಿಬ್ಬಂದಿಗೆ.

ಕುವೆಂಪುನಗರ ಅಜ್ಜಿ

ಆಟ ಮರೆತಿರಿ. ಚೌಕಾಬಾರ, ಅಳಗುಳಿಮಣೆ, ಆಡು ಹುಲಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದಕ್ಕೆ ಐದು ಮನೆ ಬರೆದರೆ ಚೌಕಾಬಾರ ಆಯಿತು. ಏಳು ವರ್ಷದವಳಿಗೂ ಎಪ್ಪತ್ತು ವರ್ಷದವಳಿಗೂ ಒಂದೇ ಲೆಕ್ಕ. ಕಾಯಿ ಕಡಿಯುವಾಗ ಯಾರೂ ಯಾರಿಗೂ ಮರ್ಯಾದೆ ಕೊಡುವುದಿಲ್ಲ. ಆದರೆ ಈ ಆಟದಲ್ಲಿ ಬಾಯಿ ಸುಮ್ಮನಿರಲ್ಲ, ಆ ಪಿಡಿಒ ಮಗನನ್ನು ಕೇಳಿಕೊಂಡು ಆಡಿ.

ಪಿಡಿಒ ಆಗಲೇಬೇಕು

ಅಜ್ಜಿ, ಚೌಕಾಬಾರಕ್ಕೆ ನಾನೂ ಬರುತ್ತೇನೆ.

ವಿದ್ಯಾನಗರದ ಅಮ್ಮ

ಸರಿ. ಇಷ್ಟು ಮಾಡೋಣ. ಹತ್ತು ಬೇಡ, ಮೂರೇ. ಭಾನುವಾರ ಮೂರು ಗಂಟೆಗೆ ಜಗಲಿಯಲ್ಲಿ ಕಥೆ, ಆಮೇಲೆ ಚೌಕಾಬಾರ. ಅಜ್ಜಿ ಮತ್ತು ನಾನು. ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಫೋನ್ ಟೇಬಲ್, ಎಂಜಿನಿಯರಿಂಗ್ ಮಕ್ಕಳು ಮತ್ತು ಬ್ಯಾಂಕ್ ಮೇಡಂ. ಬೀಟ್ ರೂಟ್ ಗುಂಪು ಶನಿವಾರ ಸಂಜೆ, ದೊಡ್ಡವರಿಗೆ ಪ್ರವೇಶ ಇಲ್ಲ. ಪಹಣಿ ಮತ್ತು ಸಂದರ್ಶನ ಮಳೆಗಾಲದಲ್ಲಿ ನೋಡೋಣ, ಹೇಳಿಕೊಡುವವರ ಬಿಡುವು ನೋಡಿಕೊಂಡು. ನಾಳೆ ಶಾಖೆಗೆ ಹೋಗಿ ಅಲ್ಲಿಯ ಮೇಡಂ ಹತ್ತಿರ ಮೊದಲು ಮಾತಾಡುತ್ತೇನೆ. ಅರ್ಜಿಯ ಭಾಷೆ ಮೇಷ್ಟ್ರು ತಿದ್ದಿಕೊಡಬೇಕು.

ನಿವೃತ್ತ ಮೇಷ್ಟ್ರು

ಕಳಿಸು ತಾಯಿ. ಒಂದು ಪುಟ ದಾಟಬಾರದು. ರಸೀದಿ ಜೆರಾಕ್ಸ್ ಮರೆಯಬೇಡ.

ಸಂತೆಪೇಟೆ ಹುಡುಗ

ಚಾಪೆ ನಮ್ಮ ಅಂಗಡಿಯಿಂದ ತರುತ್ತೇನೆ, ಹಳೇವು ಇವೆ. ಕವಡೆ ಎಲ್ಲಿ ಸಿಗುತ್ತದೆ?

ಕುವೆಂಪುನಗರ ಅಜ್ಜಿ

ಕವಡೆ ಯಾಕೆ, ನಾಲ್ಕು ಹುಣಸೆ ಬೀಜ ಸಾಕು. ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಸರಿಯಾಗಿ ಉಜ್ಜು, ಸಂಶಯ ಬಂದರೆ ಜಗಳ ಆಗುತ್ತದೆ.